ಆಲ್ಪ್ಸ್ ಪರ್ವತಗಳು ಮತ್ತು ಕ್ರೈಸ್ತ ವಿಶ್ವಾಸ

ಸೃಷ್ಟಿಯನ್ನು ನೋಡಿ ಸೃಷ್ಟಿಕರ್ತನನ್ನು ಅರಿಯಬಹುದು ಎಂಬ ನಂಬಿಕೆ ಕ್ರೈಸ್ತಧರ್ಮದಲ್ಲಿ ಬೈಬಲಿನಷ್ಟೇ ಹಳೆಯದು. ಬಾನು ದೇವರ ಹಿರಿಮೆಯನ್ನು ಹೇಳುತ್ತದೆ ಎಂಬ ಭಾವದಿಂದಲೇ 19ನೆಯ ಕೀರ್ತನೆ ತೊಡಗುತ್ತದೆ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲ ಇನ್ನೂ ಬಿಗಿಯಾಗಿ ವಾದಿಸುತ್ತಾನೆ. ಕಾಣದ ದೇವರ ಶಕ್ತಿ ಲೋಕ ಹುಟ್ಟಿದಂದಿನಿಂದ ಕಾಣುವ ವಸ್ತುಗಳಲ್ಲೇ ತೋರುತ್ತಿರುವಾಗ, ಅವನನ್ನು ಅರಿಯಲಿಲ್ಲವೆನ್ನಲು ಯಾರಿಗೂ ನೆಪ ಉಳಿದಿಲ್ಲ ಎನ್ನುವುದು ಅವನ ಮಾತಿನ ಸಾರ. 1561ರ ಬೆಲ್ಜಿಕ್ ವಿಶ್ವಾಸಪ್ರಮಾಣವು ಲೋಕವನ್ನು ಒಂದು ಗ್ರಂಥವೆಂದೂ ಅದರೊಳಗಿನ ಸಣ್ಣ ದೊಡ್ಡ ಜೀವಿಗಳನ್ನೆಲ್ಲ ಅದರ ಅಕ್ಷರಗಳೆಂದೂ ಬಗೆಯಿತು. ಕುವೆಂಪು ಅವರ ‘ದೇವರು ರುಜು ಮಾಡಿದನು’ ಕವಿತೆಯನ್ನು ಬಲ್ಲ ಕನ್ನಡಿಗರಿಗೆ ಈ ಕಲ್ಪನೆ ತೀರ ಹೊಸದೆನಿಸದು. ಆದರೆ ಕ್ರೈಸ್ತ ಚಿಂತನೆ ಒಂದು ಗೆರೆಯನ್ನು ಮಾತ್ರ ದಾಟಗೊಡುವುದಿಲ್ಲ. ಬರೆದವನು ಬೇರೆ, ಬರಹ ಬೇರೆ. ಬೆಟ್ಟ ದೇವರ ಕೈಕೆಲಸ, ಬೆಟ್ಟವೇ ದೇವರಲ್ಲ. ಜಾನ್ ಕ್ಯಾಲ್ವಿನ್ ಲೋಕವನ್ನು ದೇವರ ಮಹಿಮೆಯ ರಂಗಭೂಮಿಯೆಂದು ಹೊಗಳಿದವನೇ ಆದರೂ, ಪಾಪದಿಂದ ಮಬ್ಬಾದ ಮನುಷ್ಯನ ಕಣ್ಣಿಗೆ ಅಲ್ಲಿಯ ಬರಹ ತಾನಾಗಿ ಓದಲು ಬಾರದು, ಅದಕ್ಕೆ ಧರ್ಮಗ್ರಂಥವೆಂಬ ಕನ್ನಡಕ ಬೇಕು ಎಂದ.

ದೇವತಾಶಾಸ್ತ್ರಜ್ಞರು ಮೇಜಿನ ಮುಂದೆ ಕುಳಿತು ಮಾಡಿದ ಈ ವಿಂಗಡಣೆ ಪ್ರಪಾತದ ಅಂಚಿನಲ್ಲಿ ನಿಂತ ಪ್ರಯಾಣಿಕನ ಪಾಲಿಗೆ ಏನಾಗುತ್ತದೆ ಎಂಬುದನ್ನು ನೋಡಲು ಆಲ್ಪ್ಸ್ ಪರ್ವತಗಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಸಂನ್ಯಾಸಿಗಳು, ಕವಿಗಳು, ಪಾದ್ರಿಗಳು, ನಾಸ್ತಿಕರು ಎಂಟು ಶತಮಾನಗಳಿಗೂ ಹೆಚ್ಚು ಕಾಲ ಅವೇ ಘಾಟಿಗಳನ್ನು ಹತ್ತಿಳಿದು ತಮಗಾದುದನ್ನು ಬರೆದಿಟ್ಟಿದ್ದಾರೆ. ಆ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಬೆಟ್ಟ ಯಾರಿಗೂ ಮತಬೋಧನೆ ಮಾಡಿಲ್ಲ. ಮೊದಲೇ ಕಿವಿಗೆ ಬಿದ್ದಿದ್ದರೂ ಮನಸ್ಸಿನಲ್ಲಿ ಹಗುರವಾಗಿ ತೇಲಾಡುತ್ತಿದ್ದ ಮಾತುಗಳಿಗೆ ಅದು ತೂಕ ಕೊಟ್ಟಿದೆ. ಮಹಿಮೆ, ದೈವಭಯ, ಕೃಪೆ ಎಂಬುವು ಭಾನುವಾರದ ಪ್ರಸಂಗದಲ್ಲಿ ಕೇಳಿ ಮರೆಯುವ ಶಬ್ದಗಳಾಗಿದ್ದವನಿಗೆ ಹಿಮಶಿಖರದ ಎದುರು ಅವು ಒಮ್ಮೆಲೇ ನಿಜವೆನಿಸಿವೆ. ಆ ಮಾತುಗಳನ್ನು ಒಲ್ಲದವನು ಅಲ್ಲಿಂದ ಬೇರೆಯದೇ ಅನುಭವವನ್ನು ಹೊತ್ತು ಇಳಿದಿದ್ದಾನೆ.

ಬೈಬಲಿನ ಬೆಟ್ಟಗಳೂ ಈ ವಿಷಯದಲ್ಲಿ ಎಚ್ಚರ ತಪ್ಪುವುದಿಲ್ಲ. ಸೀನಾಯಿ ಬೆಟ್ಟದ ಮೇಲೆ ಗುಡುಗು, ಮಿಂಚು, ಕಾರ್ಮುಗಿಲು. ಜನ ನಡುಗುತ್ತ ತಪ್ಪಲಲ್ಲಿ ದೂರ ನಿಲ್ಲುತ್ತಾರೆ. ಆದರೆ ಅರಸುಗಳ ಮೊದಲನೆಯ ಗ್ರಂಥದಲ್ಲಿ, ಪ್ರಾಣಭಯದಿಂದ ಓಡಿಬಂದ ಎಲೀಯ ಹೋರೇಬ್ ಬೆಟ್ಟದ ಗವಿಯಲ್ಲಿದ್ದಾಗ ಬಂಡೆಗಳನ್ನು ಸೀಳುವ ಗಾಳಿ ಬೀಸುತ್ತದೆ, ನೆಲ ನಡುಗುತ್ತದೆ, ಬೆಂಕಿ ಹೊತ್ತುತ್ತದೆ. ಆ ಮೂರರಲ್ಲೂ ದೇವರಿರಲಿಲ್ಲವೆಂದು ಕಥೆ ಒಂದೊಂದಾಗಿ ಹೇಳುತ್ತದೆ. ಮಾತು ಬರುವುದು ಅವೆಲ್ಲ ಅಡಗಿದ ಮೇಲಿನ ಮೆಲುದನಿಯಲ್ಲಿ. ಪ್ರಕೃತಿಯ ಅಬ್ಬರವನ್ನೆಲ್ಲ ದೈವವಾಣಿಯೆಂದು ಭಾವಿಸುವವರಿಗೆ ಇದಕ್ಕಿಂತ ದೊಡ್ಡ ತಡೆ ಬೇಕಿಲ್ಲ. ಬೆಟ್ಟಗಳತ್ತ ಕಣ್ಣೆತ್ತುವ 121ನೆಯ ಕೀರ್ತನೆಯೂ ನೆರವನ್ನು ಬೇಡುವುದು ಬೆಟ್ಟಗಳನ್ನಲ್ಲ, ಅವನ್ನು ಮಾಡಿದವನನ್ನು.

ಪ್ರಕೃತಿಯ ಬಗ್ಗೆ ಬೈಬಲಿನ ಅತಿ ಗಟ್ಟಿಯಾದ ಮಾತು ಇರುವುದು ಯೋಬನ ಗ್ರಂಥದ 38ರಿಂದ 41ರವರೆಗಿನ ಅಧ್ಯಾಯಗಳಲ್ಲಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬ ನ್ಯಾಯ ಕೇಳುತ್ತಾನೆ. ಬಿರುಗಾಳಿಯೊಳಗಿನಿಂದ ಬಂದ ಉತ್ತರ ಅವನ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಭೂಮಿಗೆ ಅಸ್ತಿವಾರ ಹಾಕಿದಾಗ ಅವನೆಲ್ಲಿದ್ದ, ಕಾಡಾಡುಗಳು ಈಯುವ ಹೊತ್ತನ್ನು ಅವನು ಬಲ್ಲನೇ, ಮನುಷ್ಯನ ಸುಳಿವೇ ಇಲ್ಲದ ಮರುಭೂಮಿಯಲ್ಲಿ ಮಳೆ ಸುರಿಸುವವರು ಯಾರು ಎಂಬ ಮರುಪ್ರಶ್ನೆಗಳು ಸಾಲಾಗಿ ಬರುತ್ತವೆ. ಸುಂದರ ನೋಟವನ್ನು ತೋರಿಸಿ ಸಮಾಧಾನಪಡಿಸುವ ಉದ್ದೇಶ ಇಲ್ಲಿಲ್ಲ. ಮನುಷ್ಯನ ಉಪಯೋಗಕ್ಕಲ್ಲದೆ ಇರುವ, ಅವನ ಲೆಕ್ಕಕ್ಕೆ ಸಿಗದ ಲೋಕವೊಂದಿದೆ ಎಂದು ಕಾಣಿಸುವುದೇ ಉದ್ದೇಶ. ಕ್ರೈಸ್ತ ಪ್ರಯಾಣಿಕರು ಪಾಳುನೆಲದಲ್ಲಿ, ಹಿಮದಲ್ಲಿ, ಕಡಲಿನ ನಡುವೆ ಕಂಡುಕೊಂಡದ್ದರಲ್ಲಿ ಬಹುಪಾಲು ಈ ನಾಲ್ಕು ಅಧ್ಯಾಯಗಳ ಅರ್ಥವೇ ಆಗಿದೆ.

ಈ ಬಗೆಯ ಪ್ರಯಾಣದ ಹಳೆಯ ದಾಖಲೆಗಳಲ್ಲಿ ಈಜೀರಿಯಾ ಎಂಬ ಹೆಂಗಸಿನದು ಒಂದು. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಪಶ್ಚಿಮ ಯುರೋಪಿನಿಂದ ಹೊರಟು ಸೀನಾಯಿಯನ್ನು ಹತ್ತಿದ ಆಕೆ, ನೋಟವನ್ನು ಬಣ್ಣಿಸುವುದಕ್ಕಿಂತ ಹೆಚ್ಚಾಗಿ ತಾವು ಅಲ್ಲಿ ಏನು ಮಾಡಿದೆವು ಎಂಬುದನ್ನು ಬರೆಯುತ್ತಾಳೆ. ಒಂದು ಜಾಗ ಮುಟ್ಟಿದೊಡನೆ ಪ್ರಾರ್ಥನೆ, ಆ ಜಾಗಕ್ಕೆ ಸಂಬಂಧಪಟ್ಟ ಬೈಬಲ್ ಭಾಗದ ಓದು, ಒಂದು ಕೀರ್ತನೆ. ಆಮೇಲೆ ಮುಂದಿನ ಜಾಗ. ನೆಲವನ್ನು ಗ್ರಂಥದ ಜೊತೆಗಿಟ್ಟು ಓದುವ ಈ ಕ್ರಮ ಮುಂದೆ ಬಂದ ಎಷ್ಟೋ ಭಾವುಕ ಪ್ರವಾಸಕಥನಗಳಿಗಿಂತ ಪ್ರಾಮಾಣಿಕವಾದುದು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಅದೇ ಬೆಟ್ಟದ ಬುಡದಲ್ಲಿ ಕಟ್ಟಿಸಿದ ಮಠ ಸೇಂಟ್ ಕ್ಯಾಥರೀನ್ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಅಲ್ಲಿಂದ 2,285 ಮೀಟರ್ ಎತ್ತರದ ಶಿಖರಕ್ಕೆ ಸಂನ್ಯಾಸಿಗಳು ಕಲ್ಲು ಜೋಡಿಸಿ ಮಾಡಿದ ಸುಮಾರು 3,750 ಮೆಟ್ಟಿಲುಗಳಿಗೆ ಪಶ್ಚಾತ್ತಾಪದ ಮೆಟ್ಟಿಲುಗಳೆಂದೇ ಹೆಸರು. ಹತ್ತುವುದೇ ಅಲ್ಲಿ ಪ್ರಾರ್ಥನೆಯ ಒಂದು ಭಾಗ.

ಆಲ್ಪ್ಸ್‌ನಲ್ಲಿ ಮಧ್ಯಯುಗದ ಕ್ರೈಸ್ತರು ಕಂಡದ್ದು ಸೌಂದರ್ಯವನ್ನಲ್ಲ, ಸಾವನ್ನು. ಇಟಲಿಗೂ ಉತ್ತರ ಯುರೋಪಿಗೂ ನಡುವಿನ ದಾರಿಯಲ್ಲಿ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿ ಸಿಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಬರ್ನಾರ್ಡ್ ಎಂಬ ಧರ್ಮಗುರು ಅಲ್ಲಿ ಒಂದು ಛತ್ರವನ್ನು ಸ್ಥಾಪಿಸಿದ. ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ತರುವುದು, ಬಂದವರಿಗೆ ಊಟ ಹಾಕಿ ಮಲಗಲು ಜಾಗ ಕೊಡುವುದು ಅಲ್ಲಿಯ ಸಂನ್ಯಾಸಿಗಳ ಕೆಲಸ. ಮುಂದೆ ಪ್ರಸಿದ್ಧವಾದ ಸೇಂಟ್ ಬರ್ನಾರ್ಡ್ ನಾಯಿಗಳು ಆ ಛತ್ರದವೇ. 1188ರಲ್ಲಿ ಈ ಘಾಟಿಯನ್ನು ಹತ್ತಿದ ಕ್ಯಾಂಟರ್ಬರಿಯ ಸಂನ್ಯಾಸಿ ಜಾನ್ ತನ್ನ ಮಠಕ್ಕೆ ಪತ್ರ ಬರೆದ. ಮಸಿ ಕುಡಿಕೆಯಲ್ಲೇ ಹೆಪ್ಪುಗಟ್ಟಿತ್ತು, ಬೆರಳು ಮರಗಟ್ಟಿತ್ತು, ಉಸಿರು ತಗುಲಿ ಗಡ್ಡವೆಲ್ಲ ಮಂಜುಗಡ್ಡೆಯಾಗಿತ್ತು. ತನ್ನನ್ನು ಸೋದರರ ಬಳಿಗೆ ಮರಳಿ ಸೇರಿಸಬೇಕು, ಈ ಯಾತನೆಯ ಜಾಗಕ್ಕೆ ಅವರ್ಯಾರೂ ಬರದಂತೆ ಎಚ್ಚರಿಸಬೇಕು ಎನ್ನುವುದು ಅವನು ಅಲ್ಲಿ ಮಾಡಿದ ಪ್ರಾರ್ಥನೆ. ಲೂಕನ ಸುವಾರ್ತೆಯಲ್ಲಿ ನರಕಕ್ಕೆ ಬಿದ್ದ ಐಶ್ವರ್ಯವಂತ ತನ್ನ ಸೋದರರಿಗಾಗಿ ಬೇಡಿಕೊಂಡದ್ದನ್ನೇ ಜಾನ್ ಇಲ್ಲಿ ತಿರುಗಿಸಿ ಹೇಳುತ್ತಿದ್ದಾನೆ. ಅಷ್ಟು ಚಳಿಯಲ್ಲೂ ಅವನಿಗೆ ನಗೆಚಾಟಿಕೆ ಉಳಿದಿತ್ತು. ಅವನು ನಿಜವಾಗಿಯೂ ಪ್ರಾರ್ಥಿಸಿದ ಎಂಬುದರಲ್ಲೂ ಅನುಮಾನವಿಲ್ಲ. ಬೆಟ್ಟ ಚೆಲುವೆನಿಸದಿದ್ದಾಗಲೂ ವಿಶ್ವಾಸವನ್ನು ಎಬ್ಬಿಸಬಲ್ಲದು.

ಇದಾಗಿ ಒಂದೂವರೆ ಶತಮಾನದ ಮೇಲೆ ಕವಿ ಪೆಟ್ರಾರ್ಕ್ ಮಾಡಿದ ಚಾರಣ ಇದಕ್ಕೆ ಪೂರ್ತಿ ವಿರುದ್ಧ. ಆಲ್ಪ್ಸ್‌ನ ದಕ್ಷಿಣದ ಅಂಚಿನಲ್ಲಿ, ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿರುವ ವಾಂತೂ ಶಿಖರವನ್ನು ಅವನು ತಮ್ಮ ಗೆರಾರ್ಡೋ ಜೊತೆ ಹತ್ತಿದ್ದು ಬರೀ ನೋಡುವ ಆಸೆಯಿಂದ. ಅದನ್ನು ಬಣ್ಣಿಸುವ ಪತ್ರಕ್ಕೆ 1336ರ ಏಪ್ರಿಲ್ 26ರ ತಾರೀಖಿದೆ. ಶಿಖರದ ಮೇಲೆ ಅವನು ಸಂತ ಅಗಸ್ಟಿನನ ‘ತಪ್ಪೊಪ್ಪಿಗೆಗಳು’ ಗ್ರಂಥವನ್ನು ತೆರೆಯುತ್ತಾನೆ. ಜನ ಬೆಟ್ಟಗಳನ್ನೂ ಕಡಲನ್ನೂ ನೋಡಿ ಬೆರಗಾಗುತ್ತಾರೆ, ತಮ್ಮೊಳಗನ್ನು ಮಾತ್ರ ನೋಡಿಕೊಳ್ಳುವುದಿಲ್ಲ ಎಂಬರ್ಥದ ಭಾಗವೇ ಕಣ್ಣಿಗೆ ಬೀಳುತ್ತದೆ. ನಾಚಿಕೊಂಡ ಪೆಟ್ರಾರ್ಕ್ ಬಾಯಿ ಬಿಡದೆ ಕೆಳಗಿಳಿಯುತ್ತಾನೆ. ಈ ಪತ್ರ ಚಾರಣದ ದಿನವೇ ಬರೆದದ್ದಲ್ಲ, ಹಲವು ವರ್ಷಗಳ ನಂತರ ಕಟ್ಟಿದ್ದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಪುಟ ತಾನಾಗಿ ತೆರೆದ ಸಂಗತಿ ಅಷ್ಟು ಅಚ್ಚುಕಟ್ಟಾಗಿರುವುದನ್ನು ನೋಡಿದರೆ ಆ ಅನುಮಾನ ಸಹಜವೇ. ಹಾಗಿದ್ದರೂ ಅದು ಹೇಳುವ ಮಾತು ಮುಖ್ಯ: ಹೊರಗಿನ ಎತ್ತರವು ಮನುಷ್ಯನನ್ನು ಒಳಗಿನ ಪ್ರಶ್ನೆಗೆ ದೂಡದಿದ್ದರೆ ಅದು ಬರಿಯ ಕುತೂಹಲ.

ಬೆಟ್ಟಗಳು ಧಾರ್ಮಿಕ ಚರ್ಚೆಯ ವಿಷಯವಾದದ್ದು ಹದಿನೇಳನೆಯ ಶತಮಾನದಲ್ಲಿ. ಇಂಗ್ಲೆಂಡಿನ ಪಾದ್ರಿ ಥಾಮಸ್ ಬರ್ನೆಟ್ 1671ರಲ್ಲಿ ಆಲ್ಪ್ಸ್ ದಾಟಿದಾಗ ಅವನಿಗೆ ಆಘಾತವೇ ಆಯಿತು. ಹದ್ದುಬಸ್ತಿಲ್ಲದ ಈ ಕಲ್ಲುರಾಶಿಯನ್ನು ದೇವರು ಹೀಗೆಯೇ ಸೃಷ್ಟಿಸಿರಲು ಸಾಧ್ಯವೇ? 1681ರಲ್ಲಿ ಲ್ಯಾಟಿನ್ನಿನಲ್ಲಿ ಬಂದ ಅವನ ‘ಭೂಮಿಯ ಪವಿತ್ರ ಸಿದ್ಧಾಂತ’ದ ಪ್ರಕಾರ ಆದಿಯ ಭೂಮಿ ಮೊಟ್ಟೆಯಂತೆ ನುಣುಪಾಗಿತ್ತು. ನೋಹನ ಕಾಲದ ಪ್ರಳಯದಲ್ಲಿ ಅದರ ಚಿಪ್ಪು ಒಡೆದು, ಒಳಗಿನ ನೀರು ಉಕ್ಕಿತು. ಬೆಟ್ಟಗಳು ಆಗ ಉಳಿದ ಅವಶೇಷ, ಮನುಷ್ಯನ ಪಾಪಕ್ಕೆ ನಿಂತ ಸಾಕ್ಷಿ. ಸಸ್ಯಶಾಸ್ತ್ರಜ್ಞನೂ ಪಾದ್ರಿಯೂ ಆಗಿದ್ದ ಜಾನ್ ರೇ 1691ರಲ್ಲಿ ಈ ವಾದವನ್ನು ಒಪ್ಪದೆ, ನದಿಗಳು ಹುಟ್ಟುವುದು, ಲೋಹಗಳು ಸಿಗುವುದು, ಬಗೆಬಗೆಯ ಗಿಡಗಳು ಬೆಳೆಯುವುದು ಬೆಟ್ಟಗಳಿಂದಲೇ ಎಂದು ಪಟ್ಟಿ ಮಾಡಿ ಅವು ದೇವರ ಜಾಣ್ಮೆಯ ಗುರುತು ಎಂದ. ಬರ್ನೆಟ್‌ನ ಭೂವಿಜ್ಞಾನ ತಪ್ಪು; ಆದರೂ ರೇ ಮಾಡಿದ ಉಪಯೋಗಗಳ ಪಟ್ಟಿಗಿಂತ ಬರ್ನೆಟ್‌ನ ತಳಮಳದಲ್ಲೇ ಹೆಚ್ಚು ಧಾರ್ಮಿಕ ಸತ್ವವಿದೆ ಎನ್ನಬೇಕು. ಅಸಹ್ಯಪಡುತ್ತಲೇ ಅವನು ಆ ಶಿಖರಗಳೆದುರು ಅನಂತದ ಛಾಯೆಯನ್ನು ಕಂಡೆನೆಂದು ಬರೆದಿದ್ದ. ಮುಂದಿನ ನೂರು ವರ್ಷಗಳಲ್ಲಿ ಅಸಹ್ಯ ಅಳಿದು ಅನಂತದ ಭಾವವಷ್ಟೇ ಉಳಿಯಿತು. ಈ ರುಚಿಬದಲಾವಣೆಯ ಚರಿತ್ರೆಯನ್ನು ಮಾರ್ಜೊರಿ ಹೋಪ್ ನಿಕಲ್ಸನ್ 1959ರ ತಮ್ಮ ಗ್ರಂಥದಲ್ಲಿ ವಿವರವಾಗಿ ಬಿಡಿಸಿಟ್ಟಿದ್ದಾರೆ.

ಹದಿನೆಂಟನೆಯ ಶತಮಾನದ ಕೊನೆಗೆ ಈ ಭಾವದ ರಾಜಧಾನಿಯೆಂದರೆ ಮಾಂಟ್ ಬ್ಲಾಂಕ್ ಬುಡದ ಶಾಮೊನಿ ಕಣಿವೆ. 4,800 ಮೀಟರಿಗೂ ಮಿಕ್ಕ ಆ ಶಿಖರವನ್ನು 1786ರ ಆಗಸ್ಟ್ 8ರಂದು ಜಾಕ್ ಬಾಲ್ಮಾ ಮತ್ತು ಮಿಶೆಲ್ ಪಾಕಾರ್ ಮೊದಲ ಬಾರಿಗೆ ಹತ್ತಿದರು. ಆಮೇಲೆ ಅಲ್ಲಿಗೆ ಬರುವವರ ಸಾಲು ನಿಲ್ಲಲಿಲ್ಲ. 1802ರ ಸೆಪ್ಟೆಂಬರಿನಲ್ಲಿ ಕವಿ ಸ್ಯಾಮ್ಯುಯಲ್ ಟೇಲರ್ ಕೋಲ್‌ರಿಜ್ ಶಾಮೊನಿಯ ಸೂರ್ಯೋದಯವನ್ನು ಕುರಿತ ಸ್ತುತಿಗೀತೆಯೊಂದನ್ನು ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದ. ಜಲಪಾತ, ಹಿಮನದಿ, ಹೂವುಗಳನ್ನೆಲ್ಲ ಕರೆದು ನಿಮ್ಮನ್ನು ಮಾಡಿದವರು ಯಾರೆಂದು ಕೇಳಿ, ಅವುಗಳ ಬಾಯಿಂದಲೇ ದೇವರ ಹೆಸರನ್ನು ಹೇಳಿಸುವ ಕವಿತೆ ಅದು. ಈ ಕಣಿವೆಯಲ್ಲಿ ನಿಂತು ಯಾರು ತಾನೇ ನಾಸ್ತಿಕರಾದಾರು ಎಂಬರ್ಥದ ಟಿಪ್ಪಣಿಯೂ ಜೊತೆಗಿತ್ತು. ತಮಾಷೆಯೆಂದರೆ ಕೋಲ್‌ರಿಜ್ ಶಾಮೊನಿಗೆ ಹೋದವನೇ ಅಲ್ಲ. ಕವಿತೆಯ ಚೌಕಟ್ಟನ್ನು ಅವನು ಫ್ರೀಡರಿಕೆ ಬ್ರೂನ್ ಎಂಬ ಕವಯಿತ್ರಿಯ ಜರ್ಮನ್ ಕವಿತೆಯಿಂದ ತೆಗೆದುಕೊಂಡಿದ್ದ. ಹಾಗೆಂದು ಎಲ್ಲಿಯೂ ಹೇಳಲಿಲ್ಲ. ಅವನು ಸತ್ತ 1834ರಲ್ಲಿ ಲೇಖಕ ಡಿ ಕ್ವಿನ್ಸಿ ಅದನ್ನು ಬಯಲಿಗೆಳೆದ.

ಇಷ್ಟಕ್ಕೇ ಕವಿತೆಯನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅದೇ ಬೇಸಿಗೆಯಲ್ಲಿ ಕೋಲ್‌ರಿಜ್ ಇಂಗ್ಲೆಂಡಿನ ಸ್ಕಾಫೆಲ್ ಬೆಟ್ಟವನ್ನು ಒಬ್ಬನೇ ಹತ್ತಿ, ಇಳಿಯುವಾಗ ಬಂಡೆಯಿಂದ ಬಂಡೆಗೆ ಜಾರುತ್ತ, ಕೈಕಾಲು ನಡುಗುತ್ತ ಒಂದು ಅಂಚಿನ ಮೇಲೆ ಸಿಕ್ಕಿಕೊಂಡಿದ್ದ. ಸ್ತುತಿ ತನ್ನಿಂದ ತಾನೇ ಹೊಮ್ಮಿದ್ದು ಅಲ್ಲಿಯೇ, ಆದರೆ ಅಷ್ಟು ದೊಡ್ಡ ಮಾತಿಗೆ ನಮ್ಮ ಬೆಟ್ಟಗಳು ಸಣ್ಣವೆನಿಸಿ ಆಲ್ಪ್ಸ್‌ಗೆ ಸಾಗಿಸಿದೆ ಎಂದು ಗೆಳೆಯನಿಗೆ ಪತ್ರ ಬರೆದ. ಅದರಲ್ಲಿ ಎಷ್ಟು ನಿಜ, ಎಷ್ಟು ನೆಪ ಎಂದು ಬೇರ್ಪಡಿಸುವುದು ಕಷ್ಟ. ಒಂದಂತೂ ತಿಳಿಯುತ್ತದೆ: ಭಯ ಸ್ಕಾಫೆಲ್‌ನದು, ಚೌಕಟ್ಟು ಬ್ರೂನ್‌ಳದು, ದೇವರನ್ನು ಹೊಗಳಲು ಸೃಷ್ಟಿಯನ್ನೆಲ್ಲ ಕರೆಯುವ ರೀತಿ 148ನೆಯ ಕೀರ್ತನೆಯದು. ಮಾಂಟ್ ಬ್ಲಾಂಕ್ ಅದರಲ್ಲಿ ಹೆಸರಿಗಷ್ಟೇ ಇದೆ.

1816ರ ಜುಲೈನಲ್ಲಿ ಕವಿ ಪರ್ಸಿ ಶೆಲ್ಲಿ ನಿಜವಾಗಿಯೂ ಆ ಕಣಿವೆಗೆ ಬಂದ. ಮುಂದೆ ಅವನ ಹೆಂಡತಿಯಾದ ಮೇರಿ ಜೊತೆಗಿದ್ದಳು; ಅಲ್ಲಿಯ ಮೆರ್ ದ ಗ್ಲಾಸ್ ಹಿಮನದಿಯ ಮೇಲೆಯೇ ಆಕೆ ಮುಂದೆ ತನ್ನ ಕಾದಂಬರಿಯಲ್ಲಿ ಫ್ರಾಂಕೆನ್‌ಸ್ಟೈನ್‌ನನ್ನೂ ಅವನು ಸೃಷ್ಟಿಸಿದ ಜೀವಿಯನ್ನೂ ಎದುರುಬದುರು ತಂದಳು. ಆ ಕಣಿವೆಯ ಹೋಟೆಲು ದಾಖಲೆಪುಸ್ತಕಗಳಲ್ಲಿ ಬಂದವರು ಸೃಷ್ಟಿಕರ್ತನನ್ನು ಹೊಗಳಿ ಬರೆಯುವ ರೂಢಿಯಿತ್ತು. ಶೆಲ್ಲಿ ಅಂಥ ಪುಸ್ತಕದಲ್ಲಿ ತಾನು ಪ್ರಜಾಪ್ರಭುತ್ವವಾದಿ, ಮಾನವಪ್ರೇಮಿ, ನಾಸ್ತಿಕ ಎಂದು ಗ್ರೀಕಿನಲ್ಲಿ ಬರೆದ. ಆಮೇಲೆ ಬಂದ ಬೈರನ್ ಅಂಥ ಒಂದು ಬರಹವನ್ನು ಅಳಿಸಲು ನೋಡಿದ. ಶೆಲ್ಲಿಯ ‘ಮಾಂಟ್ ಬ್ಲಾಂಕ್’ ಕವಿತೆಯಲ್ಲೂ ಬೆರಗಿಗೆ ಕೊರತೆಯಿಲ್ಲ. ಕೋಲ್‌ರಿಜ್‌ನದಕ್ಕಿಂತ ಹೆಚ್ಚೇ ಇದೆ. ಆದರೆ ಅಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಮನುಷ್ಯರ ಗೊಡವೆಯಿಲ್ಲದ ಒಂದು ಶಕ್ತಿ, ಅದರ ಮೌನ, ಆ ಮೌನಕ್ಕೆ ಅರ್ಥ ಕೊಡುವ ಮನುಷ್ಯನ ಮನಸ್ಸು, ಇಷ್ಟೇ. ಪ್ರಕೃತಿ ತಾನಾಗಿಯೇ ವಿಶ್ವಾಸವನ್ನು ಹುಟ್ಟಿಸುವುದಾದರೆ ಶೆಲ್ಲಿ ಶಾಮೊನಿಯಿಂದ ವಿಶ್ವಾಸಿಯಾಗಿಯೇ ಮರಳಬೇಕಿತ್ತು.

ಇಮ್ಯಾನುಯೆಲ್ ಕಾಂಟ್ 1790ರ ತನ್ನ ‘ನಿರ್ಣಯಶಕ್ತಿಯ ವಿಮರ್ಶೆ’ಯಲ್ಲಿ ಹೇಳಿದ್ದು ಇದರ ತಾತ್ವಿಕ ರೂಪ. ತಲೆಯ ಮೇಲೆ ಬಾಗಿದ ಬಂಡೆ, ಸಿಡಿಲು, ಜ್ವಾಲಾಮುಖಿಗಳ ಎದುರು ಹುಟ್ಟುವ ಭವ್ಯತೆಯ ಭಾವದ ನೆಲೆ ಆ ವಸ್ತುಗಳಲ್ಲಿಲ್ಲ, ನೋಡುವವನ ಬುದ್ಧಿಯಲ್ಲಿದೆ; ಸಂಸ್ಕಾರ ಪಡೆಯದ ಮನಸ್ಸಿಗೆ ಅವು ಬರೀ ಭಯಾನಕ. ಹುಟ್ಟಿದ ಪ್ರಾಂತವನ್ನು ಬಿಟ್ಟು ಹೋಗದ ಕಾಂಟ್ ಆಲ್ಪ್ಸ್ ನೋಡಿದವನಲ್ಲ. ಅದಕ್ಕಾಗಿ ವಿಜ್ಞಾನಿ ಸೊಸ್ಯೂರ್‌ನ ಪ್ರವಾಸಕಥನವನ್ನು ನೆಚ್ಚಿಕೊಂಡ. ಹಿಮಬೆಟ್ಟಗಳನ್ನು ಮೆಚ್ಚಿ ಬರುವವರೆಲ್ಲ ಮೂರ್ಖರು ಎಂದ ಸವೊಯ್ ಪ್ರಾಂತದ ರೈತನೊಬ್ಬನ ಮಾತನ್ನು ಅಲ್ಲಿಂದಲೇ ಎತ್ತಿಕೊಂಡಿದ್ದಾನೆ. ಸೊಸ್ಯೂರ್ ಬರೀ ಹವ್ಯಾಸಕ್ಕಾಗಿ ಅಪಾಯವನ್ನು ಮೈಮೇಲೆ ಎಳೆದುಕೊಂಡಿದ್ದರೆ ಆ ರೈತನ ಮಾತು ಅಷ್ಟೇನೂ ತಪ್ಪಾಗುತ್ತಿರಲಿಲ್ಲವೇನೋ ಎಂದು ಕಾಂಟ್‌ಗೂ ಅನಿಸಿತ್ತು. ಬೆಟ್ಟದಲ್ಲಿ ದೇವರನ್ನು ಕಂಡೆನೆನ್ನುವವರಲ್ಲಿ ಹೆಚ್ಚಿನವರು ಬಂದು ಹೋಗುವವರು, ಅಲ್ಲಿ ದನ ಮೇಯಿಸುವವರಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ಹೋಗುವವರ ಸಂಖ್ಯೆ ಏರಿತು. ಬ್ಯಾಪ್ಟಿಸ್ಟ್ ಪಂಥದ ಬೋಧಕನಾಗಿದ್ದ ಥಾಮಸ್ ಕುಕ್ 1841ರಲ್ಲಿ ಮದ್ಯಪಾನ ವಿರೋಧಿ ಸಭೆಗೆಂದು ರೈಲು ಪ್ರವಾಸ ಏರ್ಪಡಿಸಿ ಶುರುಮಾಡಿದ ಉದ್ಯಮ 1863ರಲ್ಲಿ ಸ್ವಿಟ್ಜರ್ಲೆಂಡ್ ಮುಟ್ಟಿತು. ಭಾರತದಲ್ಲಿ ಸ್ವಲ್ಪ ಕಾಲ ಮಿಶನರಿಯಾಗಿದ್ದ ಮೆಥಡಿಸ್ಟ್ ಪಾದ್ರಿ ಹೆನ್ರಿ ಲನ್ 1892ರಲ್ಲಿ ಕ್ರೈಸ್ತಸಭೆಗಳ ಐಕ್ಯದ ಚರ್ಚೆಗೆಂದು ಗ್ರಿಂಡೆಲ್‌ವಾಲ್ಡ್‌ನಲ್ಲಿ ಸಮ್ಮೇಳನ ಕರೆದ. ಐಕ್ಯ ಕೈಗೂಡಲಿಲ್ಲ, ಪ್ರವಾಸ ಕಂಪನಿ ಮಾತ್ರ ಬೆಳೆಯಿತು. ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಯೇಸುಸಭೆಗೆ ಸೇರುವ ಮುನ್ನ 1868ರ ಜುಲೈನಲ್ಲಿ ಅವಸರದಿಂದ ಆಲ್ಪ್ಸ್‌ಗೆ ಹೋಗಿಬಂದ. 1848ರ ಸ್ವಿಸ್ ಸಂವಿಧಾನ ಆ ಸಭೆಯನ್ನು ನಿಷೇಧಿಸಿದ್ದರಿಂದ ಸೇರಿದ ಮೇಲೆ ಹೋಗುವಂತಿರಲಿಲ್ಲ.

ಆದರೆ ಅದೇ ಕಾಲದಲ್ಲಿ ಆಲ್ಪ್ಸ್ ವಿಶ್ವಾಸವನ್ನು ಉಳಿಸಲಾರದೆ ಹೋದದ್ದೂ ಉಂಟು. ಕಲಾವಿಮರ್ಶಕ ಜಾನ್ ರಸ್ಕಿನ್‌ಗೆ ತಾಯಿ ಬಾಲ್ಯದಲ್ಲಿ ಬೈಬಲನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಓದಿಸಿದ್ದಳು. 1833ರಲ್ಲಿ ಹುಡುಗನಾಗಿದ್ದಾಗ ಶಾಫ್‌ಹೌಸೆನ್ನಿನಿಂದ ಮೊದಲ ಸಲ ಹಿಮಶಿಖರಗಳನ್ನು ಕಂಡ ಅವನು 1856ರಲ್ಲಿ ‘ಮಾಡರ್ನ್ ಪೇಂಟರ್ಸ್’ನ ನಾಲ್ಕನೆಯ ಸಂಪುಟವನ್ನು ಪೂರ್ತಿ ಬೆಟ್ಟಗಳಿಗೆ ಮೀಸಲಿಟ್ಟ; ಅವು ಭೂಮಿಯ ಮಹಾದೇವಾಲಯಗಳೆಂದ. ಅಷ್ಟರಲ್ಲೇ ಭೂವಿಜ್ಞಾನಿಗಳ ಸುತ್ತಿಗೆಯ ಸದ್ದು ಬೈಬಲಿನ ಪ್ರತಿ ವಚನದ ಕೊನೆಗೂ ಕೇಳಿಸುತ್ತಿದೆಯೆಂದು 1851ರಲ್ಲಿ ಗೆಳೆಯನಲ್ಲಿ ಗೋಳಾಡಿದ್ದ. 1858ರಲ್ಲಿ ಟ್ಯೂರಿನ್ನಿನಲ್ಲಿ, ಸಣ್ಣ ಪ್ರಾರ್ಥನಾ ಮಂದಿರದ ಒಣ ಪ್ರಸಂಗವೊಂದನ್ನು ಕೇಳಿ ಹೊರಬಂದು ಚಿತ್ರಕಾರ ವೆರೊನೀಸನ ಚಿತ್ರದ ಮುಂದೆ ನಿಂತಾಗ, ತಾಯಿ ಕಲಿಸಿದ ಕಟ್ಟುನಿಟ್ಟಿನ ಮತ ಅವನನ್ನು ಬಿಟ್ಟುಹೋಯಿತು. ಲೆಸ್ಲಿ ಸ್ಟೀಫನ್‌ನ ಕಥೆ ಇನ್ನೂ ನೇರ. ಪಾದ್ರಿಯಾಗಿ ದೀಕ್ಷೆ ಪಡೆದಿದ್ದ ಅವನು 1861ರಲ್ಲಿ ಶ್ರೆಕ್‌ಹಾರ್ನ್ ಶಿಖರವನ್ನು ಮೊದಲು ಹತ್ತಿದವರಲ್ಲೊಬ್ಬ. ಮರುವರ್ಷವೇ ಅವನ ವಿಶ್ವಾಸ ಕುಸಿದಿತ್ತು. ಬೆಟ್ಟದ ಮೇಲಿನ ಪ್ರೀತಿ ಕುಸಿಯಲಿಲ್ಲ. 1871ರ ತನ್ನ ಪುಸ್ತಕಕ್ಕೆ ಅವನು ಕೊಟ್ಟ ಹೆಸರು ‘ಯುರೋಪಿನ ಆಟದ ಬಯಲು’.

1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಸೇರಿ ಏಳು ಮಂದಿ ಮ್ಯಾಟರ್‌ಹಾರ್ನ್ ತುದಿ ಮುಟ್ಟಿದರು. ಇಳಿಯುವಾಗ ಒಬ್ಬ ಕಾಲು ಜಾರಿ, ಹಗ್ಗ ತುಂಡಾಗಿ, ನಾಲ್ವರು ಪಾತಾಳಕ್ಕೆ ಬಿದ್ದರು. ಅವರಲ್ಲಿ ಚಾರ್ಲ್ಸ್ ಹಡ್ಸನ್ ಎಂಬ ಪಾದ್ರಿಯೂ ಇದ್ದ. ಉಳಿದ ಮೂವರು ಗಂಟೆಗಟ್ಟಲೆ ನಡುಗುತ್ತ ಇಳಿದು ಸಂಜೆಯ ಹೊತ್ತಿಗೆ ತುಸು ಸುರಕ್ಷಿತ ಜಾಗಕ್ಕೆ ಬಂದಾಗ, ಎದುರಿನ ಮಂಜಿನಲ್ಲಿ ದೊಡ್ಡದೊಂದು ಕಮಾನು, ಅದರೊಳಗೆ ಎರಡು ಶಿಲುಬೆಗಳು ಮೂಡಿದವು. ಜೊತೆಗಿದ್ದ ಸ್ಥಳೀಯ ಮಾರ್ಗದರ್ಶಿಗಳು, ತೌಗ್‌ವಾಲ್ಡರ್ ತಂದೆ ಮಗ, ಅದನ್ನು ದುರಂತಕ್ಕೆ ಸಂಬಂಧಪಟ್ಟ ಗುರುತೆಂದುಕೊಂಡರು. ವಿಂಪರ್ ತಮ್ಮ ಮೈಯ ಚಲನೆಯಿಂದ ಅದು ಬದಲಾಗುತ್ತದೆಯೇ ಎಂದು ಪರೀಕ್ಷಿಸಿದ, ಬದಲಾಗಲಿಲ್ಲ. ಮಂಜಿನಲ್ಲಿ ಬೆಳಕು ಹಾಗೆ ಶಿಲುಬೆಯಾಗಿ ಕಾಣುವುದಕ್ಕೆ ಭೌತಶಾಸ್ತ್ರದ ವಿವರಣೆಗಳಿವೆ. ಮೂವರು ಒಂದೇ ಬೆಳಕನ್ನು ನೋಡಿದರು, ಆದರೆ ಮೂವರೂ ಒಂದೇ ಅರ್ಥವನ್ನು ಓದಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಸೃಷ್ಟಿಯಲ್ಲಿ ದೇವರನ್ನು ಓದಬಹುದೇ ಎಂಬ ಪ್ರಶ್ನೆಯ ಮೇಲೆ ಇಬ್ಬರು ಕ್ರೈಸ್ತ ಚಿಂತಕರು ಬಹಿರಂಗವಾಗಿ ಕಾದಾಡಿದರು, ಇಬ್ಬರೂ ಸ್ವಿಸ್ಸರೇ. ಜ್ಯೂರಿಕ್‌ನ ಎಮಿಲ್ ಬ್ರುನ್ನರ್ 1934ರಲ್ಲಿ ‘ನಿಸರ್ಗ ಮತ್ತು ಕೃಪೆ’ ಎಂಬ ಪುಸ್ತಿಕೆ ಬರೆದು, ಸೃಷ್ಟಿಯಲ್ಲಿ ದೇವರ ಗುರುತಿದೆ, ಸುವಾರ್ತೆ ತಾಗಲು ಮನುಷ್ಯನೊಳಗೆ ಒಂದು ಜಾಗವಿದೆ ಎಂದ. ಬಾಸೆಲ್‌ನಲ್ಲಿ, ಅಂದರೆ ಮಿಶನ್ನಿನ ಮೂಲಕ ಮಂಗಳೂರು ಧಾರವಾಡಗಳಿಗೆ ಹೆಸರು ಗೊತ್ತಿರುವ ಅದೇ ಊರಿನಲ್ಲಿ, ಹುಟ್ಟಿದ ಕಾರ್ಲ್ ಬಾರ್ತ್ ಅದೇ ವರ್ಷ ಕೊಟ್ಟ ಉತ್ತರದ ಶೀರ್ಷಿಕೆ ಒಂದೇ ಶಬ್ದ: ‘ಇಲ್ಲ!’ ಆಗ ಜರ್ಮನಿಯಲ್ಲಿ ಪಾಠ ಹೇಳುತ್ತಿದ್ದ ಬಾರ್ತ್‌ನ ಕಟುತನಕ್ಕೆ ಕಾರಣವಿತ್ತು. ಹಿಟ್ಲರನ ಪಕ್ಷಕ್ಕೆ ಒಲಿದಿದ್ದ ಕ್ರೈಸ್ತರು ರಕ್ತ, ನೆಲ, ಜನಾಂಗಗಳೂ ದೇವರ ಪ್ರಕಟನೆಯೇ ಎಂದು ಸಾರುತ್ತಿದ್ದರು. ತಾಯ್ನೆಲದ ಕಾಡು ಬೆಟ್ಟಗಳಲ್ಲಿ ದೇವರ ದನಿ ಕೇಳಿಸುತ್ತದೆ ಎಂದವನನ್ನು, ಆ ದನಿ ಏನು ಹೇಳುತ್ತಿದೆ ಎಂದು ಕೇಳಿದರೆ ಅವನು ಏನು ಬೇಕಾದರೂ ಹೇಳಬಹುದಿತ್ತು. ದೇವರ ಏಕೈಕ ವಾಕ್ಯ ಯೇಸು ಕ್ರಿಸ್ತನೇ ಎಂದ ಅದೇ ವರ್ಷದ ಬಾರ್ಮೆನ್ ಘೋಷಣೆಯನ್ನು ಬಹುಮಟ್ಟಿಗೆ ಬರೆದವನೂ ಬಾರ್ತ್. ಆ ಹೊತ್ತಿನ ಮಟ್ಟಿಗೆ ಅವನದೇ ಸರಿ. ಆದರೆ ಬೆಟ್ಟದೆದುರು ಪ್ರಾರ್ಥನೆ ಹೊಮ್ಮಿದವರನ್ನೆಲ್ಲ ಅದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು.

ಇವೆರಡರ ನಡುವಿನ ನಿಲುವನ್ನು ತಿಳಿಯಾಗಿ ಹೇಳಿದವನು ಲೇಖಕ ಸಿ. ಎಸ್. ಲೂಯಿಸ್. ಮಹಿಮೆಯುಳ್ಳ ದೇವರಿದ್ದಾನೆಂದು ಪ್ರಕೃತಿ ತನಗೆ ಕಲಿಸಲಿಲ್ಲ, ಅದನ್ನು ಬೇರೆ ದಾರಿಗಳಿಂದ ತಿಳಿಯಬೇಕಾಯಿತು. ಮಹಿಮೆಯೆಂದರೇನೆಂದು ತೋರಿಸಿದ್ದು ಮಾತ್ರ ಪ್ರಕೃತಿ ಎನ್ನುವುದು 1960ರ ‘ನಾಲ್ಕು ಪ್ರೀತಿಗಳು’ ಪುಸ್ತಕದಲ್ಲಿ ಅವನ ವಾದ. ತಳಿವಿಜ್ಞಾನಿ ಫ್ರಾನ್ಸಿಸ್ ಕಾಲಿನ್ಸ್ 2006ರ ತಮ್ಮ ಪುಸ್ತಕದಲ್ಲಿ ಹೇಳಿಕೊಂಡ ಅನುಭವ ಇದಕ್ಕೆ ಹೊಂದುತ್ತದೆ. ನಾಸ್ತಿಕರಾಗಿದ್ದ ಯುವವೈದ್ಯ ಕಾಲಿನ್ಸ್ ಅಮೆರಿಕದ ಕ್ಯಾಸ್ಕೇಡ್ ಪರ್ವತಗಳಲ್ಲಿ ನಡೆಯುತ್ತಿದ್ದಾಗ, ತಿರುವೊಂದರಲ್ಲಿ ನೂರಾರು ಅಡಿ ಎತ್ತರದ ಹೆಪ್ಪುಗಟ್ಟಿದ ಜಲಪಾತ ಎದುರಾಯಿತು. ಮರುದಿನ ಸೂರ್ಯ ಹುಟ್ಟುವಾಗ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಮೊಣಕಾಲೂರಿ ಕ್ರಿಸ್ತನಿಗೆ ಶರಣಾದರು. ಜಲಪಾತವೇ ಮತಾಂತರಿಸಿತೆಂದು ನಗುವವರು ಅದಕ್ಕೆ ಮೊದಲಿನ ಪುಟಗಳನ್ನು ಬಿಟ್ಟುಬಿಡುತ್ತಾರೆ. ರೋಗಿಯೊಬ್ಬರ ನೇರ ಪ್ರಶ್ನೆ ಅವರನ್ನು ಕಲಕಿತ್ತು, ನೆರೆಯ ಪಾದ್ರಿ ಕೊಟ್ಟ ಲೂಯಿಸ್‌ನ ಪುಸ್ತಕವನ್ನು ಓದಿ ತಮ್ಮೊಳಗೇ ವಾದಿಸುತ್ತ ಬಂದಿದ್ದರು. ಜಲಪಾತ ವಾದಕ್ಕೆ ಏನನ್ನೂ ಸೇರಿಸಲಿಲ್ಲ, ವಾದ ಮುಗಿಯಿತೆಂದು ತೋರಿಸಿತು.

ಬೆಟ್ಟದೆದುರಿನ ಬೆರಗಿನಲ್ಲಿ ಪ್ರಯಾಣವೇ ಮಾಡುವ ಕೆಲಸವೂ ಇದೆ. 2003ರಲ್ಲಿ ಮನಃಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಡ್ಟ್ ಬೆರಗಿನಲ್ಲಿ ಎರಡು ಅಂಶಗಳನ್ನು ಗುರುತಿಸಿದರು: ಎದುರಿಗಿರುವುದರ ಅಗಾಧತೆ, ಅದನ್ನು ಒಳಗೊಳ್ಳಲು ಮನಸ್ಸು ತನ್ನ ಚೌಕಟ್ಟನ್ನೇ ಬದಲಿಸಬೇಕಾದ ಒತ್ತಡ. ಮನೆಯಲ್ಲಿ ಆ ಚೌಕಟ್ಟನ್ನು ಕೆಲಸ, ಸಂಬಳ, ನೆಂಟರು, ಮರ್ಯಾದೆ ಎಲ್ಲ ಸೇರಿ ಹಿಡಿದು ನಿಲ್ಲಿಸಿರುತ್ತವೆ. ದೂರದ ಘಾಟಿಯಲ್ಲಿ ಹೆಸರು ಹುದ್ದೆಗಳನ್ನು ಕೇಳುವವರಿಲ್ಲ; ದಣಿವಿದೆ, ಚಳಿಯಿದೆ, ತಾನಿಲ್ಲದೆಯೂ ಲೋಕ ನಡೆಯುತ್ತದೆಂಬ ಅರಿವಿದೆ. ಪ್ರಾರ್ಥನೆಯೆಂದರೆ ಅಂಥ ಅರಿವಿನಿಂದ ಶುರುವಾಗಬೇಕೆಂದು ಕ್ರೈಸ್ತ ಸಂಪ್ರದಾಯ ಮೊದಲಿನಿಂದ ಹೇಳುತ್ತ ಬಂದಿದೆ.

ಬಂದು ಹೋಗುವವರ ಬೆರಗಿಗೂ ಅಲ್ಲೇ ಬಾಳುವವರ ವಿಶ್ವಾಸಕ್ಕೂ ಇರುವ ಅಂತರ ಕಾಣುವುದು ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದ ಫೀಶ್ ಮತ್ತು ಫೀಶರ್‌ಟಾಲ್ ಹಳ್ಳಿಗಳಲ್ಲಿ. ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿಯಾದ ಆಲೆಚ್ ಅವುಗಳ ಮೇಲ್ಗಡೆಯಿದೆ. ಹಿಮನದಿ ಬೆಳೆದು, ಅದು ತಡೆದ ಕೆರೆಯ ನೀರು ಒಡೆದು ಕೆಳಗಿನ ಹೊಲಮನೆಗಳಿಗೆ ನುಗ್ಗುವ ಭಯದಿಂದ ಆ ಹಳ್ಳಿಗರು 1678ರಲ್ಲಿ ಹರಕೆ ಹೊತ್ತರು: ಸಚ್ಚಾರಿತ್ರ್ಯದಿಂದ ಬಾಳುತ್ತೇವೆ, ಹಿಮನದಿ ಬೆಳೆಯದಿರಲಿ. 1862ರಿಂದ ವರ್ಷಕ್ಕೊಮ್ಮೆ ಅದಕ್ಕಾಗಿ ಮೆರವಣಿಗೆಯೂ ಸೇರಿಕೊಂಡಿತು. ಆಮೇಲೆ ಹವಾಮಾನ ಬದಲಾಗಿ ಹಿಮನದಿ ವರ್ಷದಿಂದ ವರ್ಷಕ್ಕೆ ಕುಗ್ಗತೊಡಗಿತು. ನೀರಿಗೆ ತತ್ವಾರವಾದೀತೆಂಬ ಹೊಸ ಭಯ ಹಳೆಯ ಹರಕೆಯನ್ನು ಅರ್ಥವಿಲ್ಲದ್ದನ್ನಾಗಿ ಮಾಡಿತು. ಹರಕೆಯನ್ನು ತಾವಾಗಿ ಬದಲಿಸುವ ಅಧಿಕಾರ ತಮಗಿಲ್ಲವೆಂದು ಹಳ್ಳಿಗರು 2009ರಲ್ಲಿ ರೋಮಿಗೆ ಬಿನ್ನವಿಸಿಕೊಂಡರು. 16ನೆಯ ಬೆನೆಡಿಕ್ಟ್ ಪೋಪ್ ಆಗಿದ್ದ 2010ರಲ್ಲಿ ಒಪ್ಪಿಗೆ ಬಂತು. ಈಗ ಆ ಮೆರವಣಿಗೆಯಲ್ಲಿ ಹಿಮನದಿ ಕರಗದಿರಲಿ ಎಂದು ಬೇಡಿಕೊಳ್ಳುತ್ತಾರೆ.